ಅಂಗ ಕಸಿಯಾದವರಿಗೆ ಕಷಾಯ ಬೇಡ, ರಕ್ತಪರೀಕ್ಷೆ ತಪ್ಪದಿರಲಿ

ಮೂತ್ರಪಿಂಡ ಅಥವಾ ಯಕೃತ್ತಿನ ಕಸಿ ಮಾಡಿಸಿಕೊಂಡವರು ಮನೆಯಲ್ಲಿದ್ದರೆ, ಕೊಡಗಿನ ಮಳೆಗಾಲ ಆರಂಭವಾದೊಡನೆ ಅವರಿಗೆ ‘ಶಕ್ತಿ ಬರಲಿ’ ಎಂದು ಅಮೃತಬಳ್ಳಿಯ ಕಷಾಯ, ಅಶ್ವಗಂಧ ಮುಂತಾದವನ್ನು ಕೊಡಲು ಬಂಧುಗಳು ಬಯಸುವುದು ಸಹಜ. ಆಯುರ್ವೇದ ವೈದ್ಯರಾದ ನಾವೇ ಅದನ್ನು ಬೇಡವೆನ್ನುತ್ತೇವೆ.

ದೇಹವು ಹೊಸ ಅಂಗವನ್ನು ಪರಕೀಯವೆಂದು ಬಗೆದು ನಾಶಮಾಡಲು ಯತ್ನಿಸುತ್ತದೆ. ಅದನ್ನು ತಡೆಯಲೆಂದೇ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೊರಿನ್ ಮೊದಲಾದ ಔಷಧಗಳಿಂದ ರೋಗನಿರೋಧಕ ಶಕ್ತಿಯನ್ನು ತಗ್ಗಿಸಿರುತ್ತಾರೆ. ತಗ್ಗಿಸಿದುದನ್ನು ನಾವು ಏರಿಸಹೊರಡುವುದು ವಿವೇಕವಲ್ಲ.

ಟ್ಯಾಕ್ರೊಲಿಮಸ್‌ನ ಲೆಕ್ಕವಿರುವುದು ಒಂದು ಮಿಲಿಲೀಟರ್ ರಕ್ತಕ್ಕೆ ಕೆಲವು ನ್ಯಾನೋಗ್ರಾಂಗಳಲ್ಲಿ, ಅಂದರೆ ಗ್ರಾಮಿನ ನೂರು ಕೋಟಿಯ ಭಾಗಗಳಲ್ಲಿ. ಪ್ರಮಾಣ ಕುಗ್ಗಿದರೆ ದೇಹವು ಅಂಗವನ್ನು ತಿರಸ್ಕರಿಸಬಹುದು. ಹೆಚ್ಚಿದರೆ ಕೈನಡುಕ, ಸೋಂಕು, ಮೂತ್ರಪಿಂಡಕ್ಕೆ ಹಾನಿ ಉಂಟಾಗಬಹುದು. ಚಕ್ಕೋತ ಹಣ್ಣು ಈ ಪ್ರಮಾಣವನ್ನು ಏರಿಸಬಲ್ಲದು. ಕಾಳುಮೆಣಸು, ಹಿಪ್ಪಲಿಗಳಲ್ಲಿರುವ ಪೈಪರಿನ್ ಸಹ ಅನೇಕ ಔಷಧಗಳ ಹೀರಿಕೆಯನ್ನು ಹೆಚ್ಚಿಸುತ್ತದೆ. ಸಾರಿಗೆ ಹಾಕುವ ಮೆಣಸಿಗೆ ಅಂಜಬೇಕಿಲ್ಲ; ನಿತ್ಯ ಕುಡಿಯುವ ಗಟ್ಟಿ ಕಷಾಯದ ಮಾತು ಬೇರೆ. ಹಿಪ್ಪಲಿಯನ್ನು ಅತಿಯಾಗಿ ಬಳಸಬಾರದೆಂದು ಚರಕಸಂಹಿತೆಯೇ ಎಚ್ಚರಿಸಿದೆ.

ಆದುದರಿಂದ ವೈದ್ಯರು ಹೇಳಿದ ದಿನ ರಕ್ತಪರೀಕ್ಷೆ ತಪ್ಪಬಾರದು. ‘ಆರೋಗ್ಯವಾಗಿದ್ದೇವೆ, ಘಟ್ಟವಿಳಿದು ಏಕೆ ಹೋಗಬೇಕು?’ ಎನ್ನುವುದು ಸರಿಯಲ್ಲ. ಅಂಗಕ್ಕೆ ಹಾನಿ ಆರಂಭವಾದಾಗ ದೇಹಕ್ಕೆ ಏನೂ ತಿಳಿಯದಿರಬಹುದು. ದಿನಕ್ಕೆ ಎರಡು ಬಾರಿ ಮಾತ್ರೆ ಸೇವಿಸುವವರು ರಾತ್ರಿಯ ಮಾತ್ರೆಯಾದ ಸುಮಾರು 12 ಗಂಟೆಗಳ ಬಳಿಕ, ಬೆಳಗಿನ ಮಾತ್ರೆಗೆ ಮುನ್ನ ಟ್ಯಾಕ್ರೊಲಿಮಸ್ ಪರೀಕ್ಷೆಗೆ ರಕ್ತ ಕೊಡಬೇಕು. ಸೋಮವಾರಪೇಟೆಯಿಂದ ಮೈಸೂರಿಗೆ ಹೋಗುವವರು ಆ ಮಾತ್ರೆಯನ್ನು ಜೊತೆಯಲ್ಲಿ ಕೊಂಡೊಯ್ದು, ರಕ್ತ ಕೊಟ್ಟ ಮೇಲೆ ಸೇವಿಸಲಿ. ವಾಂತಿ, ಭೇದಿಯಾದರೆ ಕಸಿ ವೈದ್ಯರಿಗೆ ಕೂಡಲೇ ತಿಳಿಸಲಿ. ಭೇದಿಯಿಂದಲೂ ಪ್ರಮಾಣ ಏರುವುದುಂಟು.

ನಮ್ಮ ವೈದ್ಯಬಂಧುಗಳಲ್ಲಿಯೂ ಒಂದು ವಿನಂತಿ. ಚೂರ್ಣ, ಲೇಹ್ಯ ಬರೆದುಕೊಡುವ ಮುನ್ನ ‘ಕಸಿಯಾಗಿದೆಯೇ?’ ಎಂದು ಕೇಳಿರಿ. ಆಗಿದ್ದರೆ ಕಸಿ ವೈದ್ಯರ ಒಪ್ಪಿಗೆಯಿಲ್ಲದೆ ಏನನ್ನೂ ಕೊಡದಿರಿ. ಇದರಿಂದ ಆಯುರ್ವೇದಕ್ಕೆ ಕುಂದಿಲ್ಲ. ಯಾರಿಗೆ, ಯಾವಾಗ ಕೊಡಬಾರದೆಂಬುದನ್ನು ಅರಿಯುವುದೂ ವೈದ್ಯಶಾಸ್ತ್ರವೇ.

ಅಂಗದಾನವು ದಾಸೋಹಕ್ಕೆ ಸಮನಾದುದೆಂದು ನಾವು ಭಾವಿಸುತ್ತೇವೆ. ದಾನಿ ಕೊಟ್ಟುದನ್ನು ಜೋಪಾನವಾಗಿ ಉಳಿಸಿಕೊಳ್ಳುವುದು ಪಡೆದವರ ನಿತ್ಯಕಾಯಕವಾಗಲಿ.