ಯಾವ ಕಂಡಕ್ಟರ್‌ರೀ?

‘ಸಂತೆಕಲ್ಲೂರಿಗೆ ಬಸ್ ಬಂತು. ಕಂಡಕ್ಟರ್ ಇಳಿದ’ ಅಂತ ಬರೆದು ಕೊಟ್ಟಿದ್ದೆ. ಅಚ್ಚಾಗಿದ್ದು: ‘ಆ ಕಂಡಕ್ಟರ್ ಇಳಿದ.’ ಯಾವ ಕಂಡಕ್ಟರ್‌ರೀ? ಅವನ ಮಾತು ಮೊದಲೇ ಬಂದಿತ್ತೇನು? ಬಸ್ ಅಂದಮೇಲೆ ಕಂಡಕ್ಟರ್ ಇರ್ತಾನೆ, ಓದೋರಿಗೆ ಗೊತ್ತು. ಇಂಗ್ಲಿಷ್‌ನವರಿಗೆ ಅಲ್ಲಿ ‘ದ’ ಬೇಕು; ಕನ್ನಡಕ್ಕೆ ಬರೀ ‘ಕಂಡಕ್ಟರ್’ ಸಾಕು. ‘ಆ’ ಹಚ್ಚಿದರೆ ಓದುಗ ಹಿಂದಿನ ಸಾಲಿನಲ್ಲಿ ಇನ್ನೊಬ್ಬನನ್ನು ಹುಡುಕುತ್ತಾನೆ.

ತಿದ್ದುವವರು ತಡೆಯಬೇಕಾದ ಜಾಗ ಬೇರೆ ಇದೆ. ‘ಮಳೆಗಾಲ ಬಂತು, ಕಾಲುವೆಗೆ ನೀರು ಬಿಟ್ಟರು’ ಅಂದರೆ ಸಿಂಧನೂರಿನವರಿಗೆ ಅದು ತುಂಗಭದ್ರಾ ಎಡದಂಡೆ ಕಾಲುವೆ. ಮಂಡ್ಯದವರಿಗೆ ವಿಶ್ವೇಶ್ವರಯ್ಯ ನಾಲೆ. ಅಲ್ಲಿ ಹೆಸರು ಕೇಳಿ, ಬರೆಸಿ. ‘ಆ ಕಾಲುವೆ’ ಅಂದರೆ ಇಬ್ಬರಿಗೂ ದಾರಿ ತಪ್ಪುತ್ತದೆ.

ಓದುಗರಿಗೆ ಗೊತ್ತಿರೋದನ್ನು ಅವರಿಗೇ ಬಿಡ್ರಿ. ಗೊತ್ತಿಲ್ಲದ್ದನ್ನು ಹೇಳ್ರಿ. ನೀವು ಮಾಡ್ತಿರೋದು ಉಲ್ಟಾ.