ಸುಗಂಧಕ್ಕೆ ಧರ್ಮ ಅಂಟಿಸಿದವರು ಯಾರು?

ಕನ್ನಡದ ಎಷ್ಟೋ ಕತೆಗಳಲ್ಲಿ, ಸಿನಿಮಾಗಳಲ್ಲಿ ಸಾಬರೊಬ್ಬರು ಬಾಗಿಲು ದಾಟಿ ಒಳಬರುವ ಮೊದಲೇ ಅವರ ಅತ್ತರಿನ ವಾಸನೆ ಒಳಬಂದಿರುತ್ತದೆ. ತಲೆಗೊಂದು ಟೋಪಿ, ಕಣ್ಣಿಗೆ ಸುರ್ಮಾ, ಕಿವಿಯ ಸಂದಿಯಲ್ಲಿ ಅತ್ತರಿನ ಹತ್ತಿ, ಬಾಯಲ್ಲಿ ಮುರುಕು ಕನ್ನಡ. ಪಾತ್ರ ಸಿದ್ಧ! ಮನಸ್ಸು, ಸಾಲ, ಸಂಕಟ, ತಮಾಷೆ ಇವು ಯಾವುವೂ ಆ ಮನುಷ್ಯನಿಗೆ ಬೇಕಾಗಿಲ್ಲ. ಇದೇ ಪುಟದಲ್ಲಿ ಇನ್ನೊಬ್ಬರು ಗಂಧ ತೇದು ಹಚ್ಚಿಕೊಂಡರೆ ಅದು 'ಪರಿಮಳ', ಸಾಬರು ಅತ್ತರು ಹಚ್ಚಿಕೊಂಡರೆ ಅದು 'ಘಾಟು'.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತೇಕೆ ಎಂದು ಕೇಳುವವರಿದ್ದಾರೆ. ವಿಷಯ ಸಣ್ಣದಲ್ಲ ಎಂಬುದೇ ನಮ್ಮ ವಾದ. ಒಂದು ಸಮುದಾಯವನ್ನು ಮೂಗಿನಿಂದ ಗುರುತಿಸಲು ಕಲಿತ ಓದುಗ, ಆ ಸಮುದಾಯದ ಮಾತನ್ನು ಕಿವಿಯಿಂದ ಕೇಳುವುದನ್ನು ನಿಲ್ಲಿಸುತ್ತಾನೆ. ಅದಕ್ಕಿಂತಲೂ ದೊಡ್ಡ ನಷ್ಟವೆಂದರೆ, ಸುಗಂಧ ಮತ್ತು ಸಾಹಿತ್ಯ ಈ ನೆಲದಲ್ಲಿ ಸಾವಿರ ವರ್ಷ ಜೊತೆಯಾಗಿ ನಡೆದ ಕತೆಯನ್ನೇ ನಾವೆಲ್ಲ ಮರೆತುಬಿಟ್ಟಿದ್ದೇವೆ.

ಆ ಕತೆ ಎಲ್ಲಿಂದ ಶುರುವಾಗುತ್ತದೆ? ಸುಮಾರು 1025ರಲ್ಲಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ' ಬರೆದ. ಮನೆ ಕಟ್ಟುವುದು, ಅಂತರ್ಜಲ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ ಇವುಗಳ ಜೊತೆಗೆ ಸುಗಂಧ ತಯಾರಿಸುವ ವಿಧಾನಗಳೂ ಅದರಲ್ಲಿವೆ. ಜನಸಾಮಾನ್ಯರಿಗೆ ಉಪಕಾರವಾಗಲೆಂದು ಬರೆದ ಪುಸ್ತಕದಲ್ಲಿ ಪರಿಮಳಕ್ಕೂ ಜಾಗವಿತ್ತು. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೈಗೆ ಹಚ್ಚುವ ಲೇಪನಕ್ಕೆ, ಧೂಪಕ್ಕೆ ಪ್ರತ್ಯೇಕ ಪ್ರಕರಣಗಳೇ ಇವೆ.

ಇನ್ನು ಬಿಜಾಪುರಕ್ಕೆ ಬನ್ನಿ. ಎರಡನೇ ಇಬ್ರಾಹೀಮ್ ಆದಿಲ್ ಶಾಹ್ (ಆಳ್ವಿಕೆ 1580-1627) ದಖನಿಯಲ್ಲಿ 'ಕಿತಾಬೆ ನವರಸ್' ಎಂಬ ಹಾಡುಗಳ ಪುಸ್ತಕ ಬರೆದ. ಅದು ಸರಸ್ವತಿಯನ್ನು ನೆನೆಯುತ್ತದೆ, ಕಲಬುರಗಿಯ ಬಂದೇ ನವಾಝರನ್ನೂ ನೆನೆಯುತ್ತದೆ. ಇದು ಹಲವರಿಗೆ ಗೊತ್ತು. ಅದೇ ದೊರೆಯ ಹೆಸರಿಗೆ ಅರ್ಪಿತವಾಗಿ ಪಾರಸಿಯಲ್ಲಿ ಇನ್ನೊಂದು ಪುಸ್ತಕ ಬಂತು: 'ಇತ್ರೆ ನವರಸ್ ಶಾಹಿ'. ಅದು ಪೂರ್ತಿಯಾಗಿ ಸುಗಂಧದ ಪುಸ್ತಕ. ಹೆಸರನ್ನು ಒಮ್ಮೆ ಗಮನಿಸಿ. 'ಇತ್ರ್' ಅರಬಿ, ನಮ್ಮ ಅತ್ತರಿನ ಮೂಲ ಅದೇ. 'ನವರಸ' ನಮ್ಮ ಕಾವ್ಯಮೀಮಾಂಸೆಯ ಮಾತು. 'ಶಾಹಿ' ಪಾರಸಿ. ಅತ್ತರಿನ ಪುಸ್ತಕದ ನೆತ್ತಿಯ ಮೇಲೆ ಕಾವ್ಯದ ಪದವನ್ನು ಕೂರಿಸಿದ ಊರು ಕರ್ನಾಟಕದಲ್ಲಿದೆ! ನಮ್ಮ ಮಕ್ಕಳ ಪಠ್ಯಪುಸ್ತಕ ಬಿಜಾಪುರವೆಂದರೆ ಗೋಲ್‌ಗುಂಬಝಿನ ಪ್ರತಿಧ್ವನಿಯನ್ನಷ್ಟೇ ಕೇಳಿಸುತ್ತದೆ. ಅದರ ಪರಿಮಳವನ್ನು ಯಾರು ತಲುಪಿಸಬೇಕು?

ಪದಗಳನ್ನೂ ಸ್ವಲ್ಪ ವಿಚಾರಿಸಿಕೊಳ್ಳೋಣ. ಗುಲಾಬಿ ಪಾರಸಿಯಿಂದ ಬಂದದ್ದು: 'ಗುಲ್' ಎಂದರೆ ಹೂ, 'ಆಬ್' ಎಂದರೆ ನೀರು. ದೇವಸ್ಥಾನದಲ್ಲಿ ಹಚ್ಚುವ ಊದುಬತ್ತಿಯ 'ಊದು' ಅರಬಿಯ ಊದ್, ಅಂದರೆ ಅಗರು. ಇತ್ತ ಪವಿತ್ರ ಕುರ್‌ಆನ್ ಸ್ವರ್ಗದ ಪಾನೀಯವನ್ನು ವರ್ಣಿಸುವಾಗ ಕಸ್ತೂರಿಗೆ ಬಳಸಿದ ಪದ 'ಮಿಸ್ಕ್'. ಭಾಷಾತಜ್ಞರು ಅದರ ಬೇರನ್ನು ಪಾರಸಿಯ 'ಮುಶ್ಕ್' ದಾರಿಯಾಗಿ ಸಂಸ್ಕೃತದವರೆಗೆ ಗುರುತಿಸುತ್ತಾರೆ. ನಮ್ಮ ಕರಾವಳಿಯ ನಂದಳಿಕೆಯ ಕವಿ ಮುದ್ದಣ ಕನ್ನಡವನ್ನು ಹೋಲಿಸಿದ್ದೂ ಕಸ್ತೂರಿಗೇ. ಕಸ್ತೂರಿಮೃಗ ನಮ್ಮ ಘಟ್ಟದ ಕಾಡಿನಲ್ಲಿ ಹುಟ್ಟುವುದಿಲ್ಲ. ಕಸ್ತೂರಿ ಹಿಮಾಲಯದ ಕಡೆಯಿಂದ ವರ್ತಕರ ಎಷ್ಟೋ ಕೈ ದಾಟಿ ಬರಬೇಕು. ಆದರೂ ತನ್ನ ಭಾಷೆಯ ಹಿರಿಮೆ ಹೇಳಲು ಕವಿಗೆ ಅದೇ ಬೇಕಾಯಿತು. ಈಗ ಹೇಳಿ, ಯಾವ ಪರಿಮಳ ಯಾರ ಸೊತ್ತು?

ಅತ್ತರಿನ ತಯಾರಿಯೂ ಇದನ್ನೇ ಹೇಳುತ್ತದೆ. ಕನೌಜಿನ ಹಳೆಯ ಪದ್ಧತಿಯಲ್ಲಿ ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ, ಅದರ ಆವಿಯನ್ನು ಬಿದಿರ ಕೊಳವೆಯ ಮೂಲಕ ಶ್ರೀಗಂಧದ ಎಣ್ಣೆಗೆ ಇಳಿಸುತ್ತಾರೆ. ಹೂವಿನ ವಾಸನೆ ತಾನಾಗಿ ನಿಲ್ಲದು, ಗಂಧದೆಣ್ಣೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಶ್ರೀಗಂಧ ಎಂದರೆ ಯಾವ ನಾಡು ನೆನಪಾಗುತ್ತದೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ತನ್ನನ್ನು 'ಸ್ಯಾಂಡಲ್‌ವುಡ್' ಎಂದು ಕರೆದುಕೊಳ್ಳುವ ಚಿತ್ರರಂಗಕ್ಕೆ ಅತ್ತರು ಪರಕೀಯವಾಗಿ ಕಂಡರೆ ಅದನ್ನು ಏನೆನ್ನಬೇಕು?

ಸಾರಾ ಅಬೂಬಕ್ಕರ್, ಬೊಳುವಾರು, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್ ಮುಂತಾದವರು ಕನ್ನಡಕ್ಕೆ ಮುಸ್ಲಿಮ್ ಮನೆಯ ಅಡುಗೆಕೋಣೆಯನ್ನು, ಜಗಳವನ್ನು, ನ್ಯಾಯ ಅನ್ಯಾಯವನ್ನು ತಂದರು. ಅವರನ್ನು ಓದಿದವರಿಗೆ ಅತ್ತರಿನ ಮುದ್ರೆ ಎಷ್ಟು ಸೋಮಾರಿತನದ್ದೆಂದು ತಿಳಿಯುತ್ತದೆ. ಆದರೂ ಆ ಮುದ್ರೆ ಮಾಯವಾಗಿಲ್ಲ. ಪುಟದ ಮೇಲಿನ ಗೆರೆ ಬೀದಿಗೂ ಇಳಿಯುತ್ತದೆ. 2022ರ ಮಾರ್ಚಿನಲ್ಲಿ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಬಿಡಲಿಲ್ಲ. ಆ ಬಹಿಷ್ಕಾರವನ್ನು ಕತೆಗಾರರು ಮಾಡಿಸಿದರೆಂದು ನಾವು ಹೇಳುತ್ತಿಲ್ಲ. ಆದರೆ 'ಇವರು ಬೇರೆ' ಎಂದು ಕಲಿಸಿದ ಪಾಠಗಳಲ್ಲಿ ಆ ಸೋಮಾರಿ ಕತೆಗಳ ಪಾಲೂ ಇದೆ. ಬೆಂಗಳೂರು, ಮೈಸೂರಿನ ಓಣಿಗಳಲ್ಲಿ ಊದುಬತ್ತಿ ಹೊಸೆಯುವವರಲ್ಲಿ ಬಡ ಮುಸ್ಲಿಮ್ ಹೆಣ್ಣುಮಕ್ಕಳೂ ಇದ್ದಾರೆ. ಅವರು ಹೊಸೆದ ಬತ್ತಿ ಗರ್ಭಗುಡಿಯ ಮುಂದೆ ಉರಿಯಬಹುದು, ಅವರ ಅಣ್ಣ ತಮ್ಮಂದಿರು ಜಾತ್ರೆಯ ಗದ್ದೆಯಲ್ಲಿ ಬಳೆ ಮಾರಬಾರದು. ಇದೆಂಥ ನ್ಯಾಯ?

ನಮ್ಮವರಿಗೂ ಒಂದು ಮಾತು. ಸುಗಂಧ ಪ್ರವಾದಿ(ಸ)ಯವರಿಗೆ ಪ್ರಿಯವಾಗಿತ್ತೆಂದು ಎಲ್ಲರೂ ಹೇಳುತ್ತಾರೆ. ಸ್ಪ್ರೇಯಲ್ಲಿ ಮದ್ಯಸಾರ ಇದೆಯೇ ಇಲ್ಲವೇ ಎಂದು ಗಂಟೆಗಟ್ಟಲೆ ಚರ್ಚಿಸುವವರಿದ್ದಾರೆ. 'ಅತ್ತಾರ್' ಎಂದರೆ ಸುಗಂಧ, ಔಷಧಿ ಮಾರುವವನೆಂದೂ, ನಿಶಾಪುರದ ಮಹಾಕವಿ ಫರೀದುದ್ದೀನ್ ಅತ್ತಾರರ ಹೆಸರು ಆ ಕಸುಬಿನಿಂದಲೇ ಬಂದದ್ದೆಂದೂ ಅವರಲ್ಲಿ ಎಷ್ಟು ಮಂದಿಗೆ ಗೊತ್ತು? ಶುಕ್ರವಾರದ ಬಟ್ಟೆಗೆ ಅತ್ತರು ಹಚ್ಚಿದರೆ ಸಾಲದು, ಅದರ ಸಾಹಿತ್ಯವನ್ನೂ ಓದಬೇಕು.

ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸಕ್ಕೆ ಎಂ.ಎಂ. ಕಲಬುರ್ಗಿಯವರು ಕೈಹಾಕಿದ್ದರು. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಅವರು ತೋರಿಸಿದ ದಾರಿ ವಿದ್ವಾಂಸರ ಕಪಾಟಿನಲ್ಲೇ ನಿಲ್ಲಬಾರದು, ತರಗತಿಯ ಕೋಣೆಗೆ ತಲುಪಬೇಕು. ಲೋಕೋಪಕಾರದ ಸುಗಂಧ ಮತ್ತು ಇತ್ರೆ ನವರಸ್ ಶಾಹಿ ಒಂದೇ ಪಾಠದಲ್ಲಿ ಬರಲಿ. ಆಗ ಕನ್ನಡದ ಕತೆಗಾರ ಅತ್ತರನ್ನು ಬರೆಯುವುದು ಬೇಡವೆಂದು ನಾವು ಹೇಳುವುದಿಲ್ಲ. ಖಂಡಿತ ಬರೆಯಲಿ. ಆದರೆ ಅತ್ತರಿನ ಹಿಂದೆ ಒಬ್ಬ ಮನುಷ್ಯ ಇರಲಿ.