ಚಕ್ರದ ಪಾಲಿನ ಜಾಗ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಕಾರಿನ ಸಿಂಗಾರದ ಅಂಗಡಿಗಳ ಮುಂದೆ ಶನಿವಾರ ಸಂಜೆ ನಿಂತವರಿಗೆ ಈ ನಾಟಕದ ಮೊದಲ ಅಂಕ ಪುಕ್ಕಟೆ ನೋಡಲು ಸಿಗುತ್ತದೆ. ಯುವಕನೊಬ್ಬ ತನ್ನ ಸ್ವಿಫ್ಟ್ ಕಾರನ್ನು ತಂದು ನಿಲ್ಲಿಸುತ್ತಾನೆ. ಹೋದ ತಿಂಗಳಷ್ಟೇ ಸ್ಪ್ರಿಂಗು ಬದಲಾಯಿಸಿ ಕಾರನ್ನು ಒಂದೂವರೆ ಇಂಚು ಕೆಳಗಿಳಿಸಿದ್ದಾನೆ. ಇಳಿಸಿದ ಮೇಲೆ ಕಂಪನಿಯ ಚಕ್ರಗಳು ಬಡಕಲಾಗಿ ಕಾಣತೊಡಗಿವೆ. ಹಾಗಾಗಿ ಅಗಲದ ಅಲಾಯ್ ರಿಮ್ಮು, ಅದಕ್ಕೊಪ್ಪುವ ದಪ್ಪ ಟಯರು ಬೇಕು. ಜಾಕ್ ಏರುತ್ತದೆ, ಹಳೆಯ ಚಕ್ರ ಕಳಚುತ್ತದೆ, ಹೊಸದು ಕೂರುತ್ತದೆ. ಅಂಗಡಿಯ ಹುಡುಗ ಅದನ್ನು ಕೈಯಿಂದ ಗಿರ್ರನೆ ತಿರುಗಿಸಿ ತೋರಿಸುತ್ತಾನೆ. ಎಲ್ಲೂ ತಾಗುವುದಿಲ್ಲ. ದುಡ್ಡು ಕೈ ಬದಲಾಗುತ್ತದೆ.

ಎರಡನೆಯ ಅಂಕ ಮನೆಗೆ ಹೋಗುವ ದಾರಿಯಲ್ಲಿ. ಮೂವರು ಗೆಳೆಯರು ಹತ್ತಿಕೊಂಡಿದ್ದಾರೆ. ಮೊದಲ ಹಂಪು ದಾಟುವಾಗ ಹಿಂದಿನಿಂದ ‘ಜರ್‍ರ್’ ಎಂದು ಸದ್ದು.

‘ಲೋ, ಏನೋ ಅದು?’

‘ಏನಿಲ್ಲ ಬಿಡೋ, ಹೊಸ ಟಯರು.’

ಮರುದಿನ ಅಂಗಡಿಗೆ ಹೋಗಿ ಕೇಳಿದರೆ ಸಮಾಧಾನ ಸಿದ್ಧವಾಗಿರುತ್ತದೆ: ‘ಒಂದ್ ತಿಂಗ್ಳು ಓಡ್ಸಿ ಸಾರ್, ತಾನಾಗೇ ಜಾಗ ಮಾಡ್ಕೊಳುತ್ತೆ.’

ಇದು ಪೂರ್ತಿ ಸುಳ್ಳೇನಲ್ಲ. ಎರಡು ವಸ್ತುಗಳು ಒಂದಕ್ಕೊಂದು ಉಜ್ಜುತ್ತಿದ್ದರೆ ಒಂದಲ್ಲ ಒಂದು ಸವೆದು ಜಾಗವಾಗಲೇಬೇಕು. ಪ್ರಶ್ನೆ ಇರುವುದು ಸವೆಯುವುದು ಯಾವುದು ಎಂಬುದರಲ್ಲಿ. ಒಂದು ಕಡೆ ಮಡ್‌ಗಾರ್ಡಿನ ಒಳಮಡಿಕೆಯ ಉಕ್ಕಿನ ಅಂಚು. ಇನ್ನೊಂದು ಕಡೆ ಟಯರಿನ ಭುಜ ಮತ್ತು ಪಕ್ಕದ ಗೋಡೆ. ರಸ್ತೆಗೆ ತಾಗುವ ಪಟ್ಟಿಯ ಅಡಿಯಲ್ಲಾದರೂ ಉಕ್ಕಿನ ತಂತಿಗಳ ಪದರ ಇರುತ್ತದೆ. ಪಕ್ಕದ ಗೋಡೆಯಲ್ಲಿ ಇರುವುದು ತೆಳುವಾದ ರಬ್ಬರು, ಅದರೊಳಗೆ ನೂಲಿನ ಒಂದೆರಡು ಪದರ, ಅಷ್ಟೆ. ಅಲ್ಲಿ ಬಿದ್ದ ಗಾಯಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ. ಮೈಸೂರು ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ ನಾಲ್ವರನ್ನು ಹೊತ್ತು ಹೋಗುವಾಗ ಆ ಗಾಯ ಬಾಯಿಬಿಟ್ಟರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ತಪ್ಪಾದದ್ದು ಎಲ್ಲಿ? ಚಕ್ರದ ಮೇಲಿನ ಕಮಾನಿನಲ್ಲಿ ಕಾಣುವ ಸಂದನ್ನು ‘ಖಾಲಿ ಜಾಗ’ ಎಂದು ತಿಳಿದದ್ದರಲ್ಲಿ. ಚಕ್ರ ನಿಂತಲ್ಲೇ ನಿಲ್ಲುವ ವಸ್ತುವಲ್ಲ. ಗುಂಡಿಗೆ ಬಿದ್ದಾಗ ಕೆಳಗೆ ಜೋತು ಬೀಳುತ್ತದೆ. ಹಂಪು ಏರಿದಾಗ ಮೇಲಕ್ಕೆ ನುಗ್ಗುತ್ತದೆ. ಮುಂದಿನ ಚಕ್ರವಾದರೆ ಇದರ ಜೊತೆಗೆ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಈ ಎಲ್ಲ ಓಡಾಟದ ಒಟ್ಟು ಆವರಣವೇ ಆ ಸಂದು. ಕಾರು ನಿಂತಿರುವಾಗ ಅದು ಖಾಲಿ. ಹೊರಟ ಮೇಲೆ ಚಕ್ರದ ಪಾಲಿನದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಮಾತು ಇಲ್ಲಿಗೂ ಹೊಂದುತ್ತದೆ, ಮಲಗಿದವನು ರಾತ್ರಿಯಿಡೀ ಹೊರಳಾಡುವ ಆಸಾಮಿ ಎಂಬುದನ್ನು ಮರೆಯದಿದ್ದರೆ.

ಜಾಕ್ ಮೇಲೆ ಕಾರು ಎತ್ತಿದಾಗ ಚಕ್ರ ಎಷ್ಟು ಕೆಳಗೆ ಜೋತು ಬೀಳಬಹುದೋ ಅಷ್ಟು ಕೆಳಗಿರುತ್ತದೆ. ಕಮಾನಿನಿಂದ ಅದು ಅತ್ಯಂತ ದೂರವಿರುವ ಗಳಿಗೆ ಅದು. ಆ ಗಳಿಗೆಯಲ್ಲಿ ಗಿರ್ರನೆ ತಿರುಗಿಸಿ ‘ತಾಗಲ್ಲ ಸಾರ್’ ಎನ್ನುವುದು, ಊಟಕ್ಕೆ ಮೊದಲು ಬೆಲ್ಟು ಬಿಗಿದು ಅಳತೆ ಸರಿಯಾಗಿದೆ ಎಂದಂತೆ.

ಇನ್ನು ಕಾರನ್ನು ಇಳಿಸುವುದೆಂದರೆ ಆ ಪಾಲಿನಿಂದ ಮೊದಲ ಕಂತು ತೆಗೆದಂತೆ. ನಿಂತ ಜಾಗದಲ್ಲೇ ಚಕ್ರ ಒಂದೂವರೆ ಇಂಚು ಕಮಾನಿನೊಳಗೆ ಹೋಗಿ ಕೂತಿದೆ. ಅಗಲದ ಟಯರು ಹಾಕುವುದು ಎರಡನೆಯ ಕಂತು. ಒಂದೊಂದನ್ನೇ ಮಾಡಿದವರು ಹೇಗೋ ಪಾರಾಗುತ್ತಾರೆ; ಎರಡನ್ನೂ ಒಂದೇ ಗಂಟಿನಿಂದ ತೆಗೆದವನಿಗೆ ಲೆಕ್ಕ ಬೇಕೇ ಬೇಕು.

ಇಳಿಸುವುದರಲ್ಲೂ ಒಳ್ಳೆಯದು, ಕೆಟ್ಟದ್ದು ಎರಡಿವೆ. ಗಿಡ್ಡ ಕಾರಿಗೆಂದೇ ಮಾಡಿದ ಸ್ಪ್ರಿಂಗು ಎತ್ತರದಲ್ಲಿ ಕಡಿಮೆ, ಬಿಗಿಯಲ್ಲಿ ಹೆಚ್ಚು. ಅದು ಬಿಗಿಯಾಗಿರುವುದು ಒರಟುತನಕ್ಕಲ್ಲ, ಚಕ್ರ ಹೆಚ್ಚು ಮೇಲಕ್ಕೆ ನುಗ್ಗದಿರಲೆಂದು. ಆದರೆ ಗಲ್ಲಿಯ ಗ್ಯಾರೇಜುಗಳಲ್ಲಿ ಇನ್ನೊಂದು ವಿಧಾನ ಇದೆ: ಇರುವ ಸ್ಪ್ರಿಂಗನ್ನೇ ಕಟಿಂಗ್ ಮೆಷಿನ್ನಿನಿಂದ ಒಂದು ಸುತ್ತು ಕತ್ತರಿಸಿ ಮತ್ತೆ ಕೂರಿಸುವುದು. ಖರ್ಚು ಕೆಲವೇ ನೂರು ರೂಪಾಯಿ. ಹಾಗೆ ಗಿಡ್ಡವಾದ ಸ್ಪ್ರಿಂಗು, ಚಕ್ರ ಗುಂಡಿಯಲ್ಲಿ ಪೂರ್ತಿ ಜೋತಾಗ ತನ್ನ ಬಟ್ಟಲಿನಿಂದ ಸಡಿಲವಾಗಿ, ಮತ್ತೆ ಕೂರುವಾಗ ಓರೆಯಾಗಿ ಕೂರಬಹುದು. ಕಾಯಿಸಿ ಕತ್ತರಿಸಿದರಂತೂ ಉಕ್ಕಿನ ಹದವೇ ಕೆಡುತ್ತದೆ. ಟಯರು ಎಲ್ಲಿ ತಾಗುತ್ತದೆ ಎಂಬ ಲೆಕ್ಕ ಇಂಥ ಕಾರಿನಲ್ಲಿ ಮಾಡುವುದೇ ವ್ಯರ್ಥ. ಮೊದಲು ಸ್ಪ್ರಿಂಗು ಬದಲಾಗಲಿ.

ಈಗ ಲೆಕ್ಕಕ್ಕೆ ಬರೋಣ. ಟಯರಿನ ಪಕ್ಕದಲ್ಲಿ ಬರೆದ ಅಂಕಿಗಳನ್ನು ಓದುವುದು ಕಷ್ಟವಲ್ಲ. ಸ್ವಿಫ್ಟ್‌ನ ಕಡಿಮೆ ಬೆಲೆಯ ಮಾದರಿಗೆ ಬರುವುದು 165/80 ಆರ್14. ಅಂದರೆ ಅಗಲ 165 ಮಿ.ಮೀ.; ಪಕ್ಕದ ಗೋಡೆಯ ಎತ್ತರ ಅದರ ಶೇ 80, ಅಂದರೆ 132 ಮಿ.ಮೀ.; ರಿಮ್ಮಿನ ವ್ಯಾಸ 14 ಇಂಚು. ಮೇಲೊಂದು ಕೆಳಗೊಂದು ಗೋಡೆ ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 620 ಮಿ.ಮೀ. ಅದೇ ಕಾರಿನ ದುಬಾರಿ ಮಾದರಿಗೆ ಬರುವ 185/65 ಆರ್15ರ ವ್ಯಾಸ 621 ಚಿಲ್ಲರೆ. ಅಂದರೆ ಕಂಪನಿಯೇ ಟಯರನ್ನು 20 ಮಿ.ಮೀ. ಅಗಲ ಮಾಡಿದಾಗ ವ್ಯಾಸವನ್ನು ಮಾತ್ರ ಕದಲಿಸಲಿಲ್ಲ. ರಿಮ್ಮು ದೊಡ್ಡದಾದಷ್ಟೂ ಗೋಡೆ ಗಿಡ್ಡವಾಗಬೇಕು ಎಂಬುದೇ ಸೂತ್ರ. 195/55 ಆರ್16 ಹಾಕಿದರೂ ವ್ಯಾಸ ಸುಮಾರು 621ರಲ್ಲೇ ನಿಲ್ಲುತ್ತದೆ. ‘ಇನ್ನೂ ಸ್ವಲ್ಪ ದಪ್ಪ ಇರಲಿ’ ಎಂದು 205/55 ಆರ್16 ಹಾಕಿದವನ ಟಯರು 632ಕ್ಕೆ ಏರಿ, ಮೇಲೂ ಮುಂದೂ ಹಿಂದೂ ತಲಾ 6 ಮಿ.ಮೀ. ಜಾಗ ತಿನ್ನುತ್ತದೆ, ಸ್ಪೀಡೋಮೀಟರು ತೋರಿಸುವುದೂ ನಿಜವಾದ ವೇಗಕ್ಕಿಂತ ಶೇ 2ರಷ್ಟು ಹಿಂದೆ ಸರಿಯುತ್ತದೆ. ಟಯರು ಹೊರಬಲ್ಲ ತೂಕದ ಅಂಕಿಯನ್ನೂ ಇಲ್ಲೇ ನೋಡಿಕೊಳ್ಳಬೇಕು. 85 ಎಂದಿದ್ದರೆ ಒಂದು ಟಯರಿಗೆ 515 ಕಿಲೋ. 88 ಎಂದಿದ್ದರೆ 560. ಹೊಸ ಟಯರಿನ ಅಂಕಿ ಹಳೆಯದಕ್ಕಿಂತ ಕಡಿಮೆ ಇರಕೂಡದು.

ಆದರೆ ಹೆಚ್ಚಿನವರು ಎಡವುವುದು ಟಯರಿನ ಅಂಕಿಯಲ್ಲಲ್ಲ, ರಿಮ್ಮಿನ ಒಳಮೈಯಲ್ಲಿ ಅಚ್ಚಾಗಿರುವ ‘ಇಟಿ’ ಎಂಬ ಎರಡಕ್ಷರದ ಮುಂದಿನ ಸಂಖ್ಯೆಯಲ್ಲಿ. ಆಫ್‌ಸೆಟ್ ಎನ್ನುವುದು ಇದನ್ನೇ. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆಯಿರಿ. ಹಬ್ಬಿಗೆ ಒತ್ತಿಕೊಂಡು ಕೂರುವ ಮುಖ ಆ ಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎಂಬುದೇ ಆ ಸಂಖ್ಯೆ. ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಕಾರಿನೊಳಗೆ ಸರಿಯುತ್ತದೆ, ಚಿಕ್ಕದಾದಷ್ಟೂ ಹೊರಗೆ ಇಣುಕುತ್ತದೆ.

ಮೂಲ ರಿಮ್ಮು 5.5 ಇಂಚು ಅಗಲ, ಇಟಿ 45 ಎಂದಿಟ್ಟುಕೊಳ್ಳಿ. ಯುವಕ ಕೊಂಡದ್ದು 7 ಇಂಚು, ಇಟಿ 38. ಅಗಲ ಒಂದೂವರೆ ಇಂಚು, ಅಂದರೆ 38 ಮಿ.ಮೀ. ಹೆಚ್ಚಿತು, ಒಳಗೊಂದು ಪಾಲು ಹೊರಗೊಂದು ಪಾಲು, ತಲಾ 19. ಇಟಿ 7 ಕಡಿಮೆಯಾದದ್ದರಿಂದ ಇಡೀ ಚಕ್ರ 7 ಮಿ.ಮೀ. ಹೊರಗೆ ಸರಿಯಿತು. ಆದ್ದರಿಂದ ಹೊರಗೆ 26, ಒಳಗೆ 12 ಮಿ.ಮೀ. ಹೆಚ್ಚುವರಿ. ಇದಿಷ್ಟು ಲೆಕ್ಕ ಒಂದು ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಮುಗಿಯುತ್ತದೆ. ದುಡ್ಡು ಕೊಡುವ ಮೊದಲೇ ಇದನ್ನು ಮಾಡಿ, ಕಾರಿನ ಕಮಾನಿನ ಅಂಚಿಗೂ ಹಳೆಯ ಟಯರಿಗೂ ನಡುವಿನ ಸಂದನ್ನು ಸ್ಕೇಲು ಹಿಡಿದು ಅಳೆದಿದ್ದರೆ ‘ಜರ್‍ರ್’ ಸದ್ದು ಕಾಗದದ ಮೇಲೇ ಕೇಳಿಸುತ್ತಿತ್ತು. 6 ಇಂಚಿನ, ಇಟಿ 45ರ ರಿಮ್ಮು ಆರಿಸಿದ್ದರೆ ಎರಡೂ ಕಡೆ ತಲಾ 6 ಮಿ.ಮೀ. ಮಾತ್ರ ಹೆಚ್ಚುತ್ತಿತ್ತು, 195ರ ಟಯರು ಅದರ ಮೇಲೆ ಚೆನ್ನಾಗಿಯೇ ಕೂರುತ್ತದೆ. ನೋಡುವವರ ಕಣ್ಣಿಗೆ ಈ ಎರಡರ ವ್ಯತ್ಯಾಸ ಅಷ್ಟಾಗಿ ತಿಳಿಯುವುದೂ ಇಲ್ಲ.

ಮುಂದೆ ತಾಗುವ ಜಾಗ ಬೇರೆ, ಹಿಂದೆ ತಾಗುವ ಜಾಗ ಬೇರೆ. ಮುಂದಿನ ಟಯರು ಸ್ಟಿಯರಿಂಗು ಪೂರ್ತಿ ತಿರುಗಿಸಿದಾಗ ಒಳಗಿನ ಪ್ಲಾಸ್ಟಿಕ್ ಹೊದಿಕೆಗೋ ಬಂಪರಿನ ಮೂಲೆಗೋ ತಾಗುತ್ತದೆ. ಅದು ಸದ್ದು ಮಾಡಿ ತಿಳಿಸುವ ಸಭ್ಯ ತಂಟೆ. ಸದ್ದಿಲ್ಲದ ತಂಟೆ ಒಳಗಡೆಯದು: ಶಾಕ್ ಅಬ್ಸಾರ್ಬರಿನ ಮೇಲಿರುವ ಸ್ಪ್ರಿಂಗಿನ ಬಟ್ಟಲಿಗೂ ಟಯರಿಗೂ ನಡುವೆ ಇರುವ ಎಡೆ ಬಹಳ ಕಿರಿದು. ಅಲ್ಲಿ ಕನಿಷ್ಠ ಒಂದು ಬೆರಳು ಆಡುವಷ್ಟಾದರೂ ಜಾಗ ಉಳಿಯಲೇಬೇಕು. ಹಿಂದಿನ ಟಯರಿನ ಶತ್ರು ಮಡ್‌ಗಾರ್ಡಿನ ಒಳಮಡಿಕೆ. ಡಿಕ್ಕಿಯಲ್ಲಿ ಸಾಮಾನು, ಹಿಂದಿನ ಸೀಟಿನಲ್ಲಿ ಮೂವರು, ಮುಂದೊಂದು ಹಂಪು, ಮೂರೂ ಕೂಡಿದಾಗ ಅದು ಚೂರಿಯಾಗುತ್ತದೆ.

ಹಂಪಿನ ವಿಷಯ ಬಂತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಸೂಚನೆಯ ಪ್ರಕಾರ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರು ಅಗಲ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಅಲೆಯ ಹಾಗೆ ದಾಟುವಂತಿರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟಿಕೊಳ್ಳುವ ಡಾಂಬರಿನ ದಿಬ್ಬಗಳು ಈ ಸೂಚನೆ ಓದಿದಂತೆ ಕಾಣುವುದಿಲ್ಲ. ಗಿಡ್ಡ ಕಾರಿನ ಅಳತೆ ತೆಗೆಯಬೇಕಾದ್ದು ಈ ದಿಬ್ಬಗಳಿಗೆ, ಪುಸ್ತಕದ ಹಂಪಿಗಲ್ಲ.

ಕಾರು ಇಳಿಸುವ ಖಯಾಲಿ ಇಲ್ಲಿ ಹುಟ್ಟಿದ್ದೇನೂ ಅಲ್ಲ. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಮೂಲದ ಯುವಕರು ಎಷ್ಟು ಇಳಿಸಿದ್ದರೆಂದರೆ, ಕಾರಿನ ಯಾವ ಭಾಗವೂ ರಿಮ್ಮಿನ ಕೆಳ ಅಂಚಿಗಿಂತ ಕೆಳಗೆ ಇರಕೂಡದೆಂದು 1958ರಲ್ಲಿ ಅಲ್ಲಿ ಕಾನೂನೇ ಬಂತು. ಮರುವರ್ಷವೇ ರಾನ್ ಅಗೀರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ಹೈಡ್ರಾಲಿಕ್ ಪಂಪು ಜೋಡಿಸಿ, ಗುಂಡಿ ಒತ್ತಿದರೆ ಏರಿ ಇಳಿಯುವಂತೆ ಮಾಡಿದ. ಪೊಲೀಸರು ಕಂಡರೆ ಏರಿಸುವುದು, ಮರೆಯಾದರೆ ಇಳಿಸುವುದು. ನಮ್ಮಲ್ಲಿ ಕಾನೂನು ಇನ್ನೂ ಬಿಗಿ. ನೋಂದಣಿ ಪುಸ್ತಕದಲ್ಲಿನ ವಿವರ ಕಂಪನಿ ಹೇಳಿದ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಾಯಿಸಕೂಡದೆಂದು ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿ ಹಿಡಿಯಿತು. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಇಂಥ ಬದಲಾವಣೆಗಳನ್ನೇ. ಅದೇ ಕಾರಿನ ದುಬಾರಿ ಮಾದರಿಗೆ ಕಂಪನಿಯೇ ಹಾಕುವ ಅಳತೆಗೆ ಏರುವುದು ಈ ಎಲ್ಲ ತಲೆನೋವಿಗೆ ಕಡಿಮೆ ಬೆಲೆಯ ಔಷಧಿ.

ಈಗಾಗಲೇ ಕೊಂಡು ಸಿಕ್ಕಿಹಾಕಿಕೊಂಡವರಿಗೆ ಏನು ದಾರಿ? ಮಡ್‌ಗಾರ್ಡಿನ ಒಳಮಡಿಕೆಯನ್ನು ಬಿಸಿಗಾಳಿಯಿಂದ ಮೆತ್ತಗೆ ಕಾಯಿಸಿ, ಹಬ್ಬಿಗೆ ಬಿಗಿದ ರೋಲರಿನಿಂದ ಒಳಕ್ಕೆ ಮಡಚಿದರೆ ಸುಮಾರು ಒಂದು ಸೆಂಟಿಮೀಟರು ಸಿಗುತ್ತದೆ. ಅಮೆರಿಕದಲ್ಲಿ ಬೇಸ್‌ಬಾಲ್ ಬ್ಯಾಟು ತೂರಿಸಿ ಇದೇ ಕೆಲಸ ಮಾಡುವವರಿದ್ದಾರೆ. ಅವಸರ ಮಾಡಿದರೆ ಬಣ್ಣ ಬಿರಿಯುತ್ತದೆ. ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಗೆ ಅಷ್ಟು ಬಿರುಕು ಸಾಕು, ಮುಂದಿನ ಮಳೆಗಾಲಕ್ಕೆ ತುಕ್ಕು. ಒಳಗಡೆ ತಾಗುತ್ತಿದ್ದರೆ 3-5 ಮಿ.ಮೀ.ಯ ಸ್ಪೇಸರ್ ಬಿಲ್ಲೆ ಹಾಕಬಹುದು, ಆದರೆ ಬಿಲ್ಲೆಯ ದಪ್ಪದಷ್ಟು ನಟ್ಟಿನ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೆ ತಕ್ಕ ಉದ್ದನೆಯ ಸ್ಟಡ್ಡು ಬೇಕು. ಇನ್ನು ಕೆಲವರು ಬಂಪ್ ಸ್ಟಾಪ್ ಎಂಬ ರಬ್ಬರಿನ ಗುಬ್ಬಿಯನ್ನು ‘ಗಾಡಿ ಗಟ್ಟಿ ಹೊಡೆಯುತ್ತೆ’ ಎಂದು ಕತ್ತರಿಸಿ ಎಸೆಯುತ್ತಾರೆ. ಚಕ್ರ ಮೇಲೆ ನುಗ್ಗದಂತೆ ತಡೆಯುವ ಕೊನೆಯ ಕಾವಲುಗಾರ ಅದೇ. ಕೊನೆಯ ನಾಲ್ಕೈದು ಮಿ.ಮೀ. ಸಾಲದೆ ಬಂದಾಗ ಅದಕ್ಕೆ ಒಂದು ಬಿಲ್ಲೆ ಸೇರಿಸಬೇಕೇ ಹೊರತು ತೆಗೆಯುವುದಲ್ಲ. ಅಗಲದ ರಿಮ್ಮಿಗೆ ಸಪೂರ ಟಯರನ್ನು ಎಳೆದು ಕೂರಿಸಿ ಗೋಡೆಯನ್ನು ಒಳಗೆ ಓರೆಯಾಗಿಸುವ ಫ್ಯಾಷನ್ನೂ ಉಂಟು. ಗುಂಡಿಗೆ ಬಿದ್ದರೆ ಆ ಟಯರು ರಿಮ್ಮು ಬಿಟ್ಟು ಜಾರಬಹುದು. ನಮ್ಮ ರಸ್ತೆಗಳಲ್ಲಿ ಅದನ್ನು ಓಡಿಸುವವರ ಧೈರ್ಯಕ್ಕೆ ಕೈ ಮುಗಿಯಬೇಕು, ದೂರದಿಂದ.

ನಿಜವಾದ ಪರೀಕ್ಷೆಗೆ ಅರ್ಧ ದಿನ ಬೇಕು. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಒಂದು ಕಡೆಯ ಸ್ಪ್ರಿಂಗು ಕಳಚಿ, ಶಾಕ್ ಅಬ್ಸಾರ್ಬರು ಮತ್ತು ಬಂಪ್ ಸ್ಟಾಪನ್ನು ಮಾತ್ರ ಹಾಗೇ ಇಟ್ಟು, ಚಕ್ರವನ್ನು ಜಾಕಿನಿಂದ ಅದು ನಿಲ್ಲುವವರೆಗೂ ಮೇಲೆತ್ತಬೇಕು. ಮುಂದಿನ ಚಕ್ರವಾದರೆ ಹಾಗೆಯೇ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು. ಸ್ಪ್ರಿಂಗು ಬಿಚ್ಚುವುದು ಅನುಭವಿ ಮೆಕ್ಯಾನಿಕ್ಕಿನ ಕೆಲಸ. ಅಮುಕಿಟ್ಟ ಸ್ಪ್ರಿಂಗು ಹಾರಿದರೆ ಮೂಳೆ ಮುರಿಯುತ್ತದೆ. ಅಷ್ಟು ಆಗದವರು ಟಯರಿನ ಭುಜಕ್ಕೆ ಸುತ್ತಲೂ ಸೀಮೆಸುಣ್ಣ ಬಳಿದು, ಕಾರಿನ ತುಂಬ ಜನ ಕೂರಿಸಿ, ಗೊತ್ತಿರುವ ಒಂದು ಕೆಟ್ಟ ದಿಬ್ಬವನ್ನು ಓರೆಯಾಗಿ ನಿಧಾನ ದಾಟಿ ಬರಲಿ. ಎಲ್ಲಿ ಸುಣ್ಣ ಅಳಿಸಿದೆಯೋ ಅಲ್ಲಿ ತಾಗಿದೆ. ಆಮೇಲೆ ವೀಲ್ ಅಲೈನ್‌ಮೆಂಟು. ಕಾರು ಇಳಿದಾಗ ಮುಂದಿನ ಚಕ್ರಗಳ ಓರೆಯೂ ಮುಖವೂ ಬದಲಾಗಿರುತ್ತವೆ. ಹಾಗೇ ಬಿಟ್ಟರೆ ಟಯರಿನ ಒಳ ಅಂಚು ಮೊದಲು ಸವೆಯುತ್ತದೆ.

ಆ ಒಳ ಅಂಚು ಕಾರಿನ ಹೊರಗೆ ನಿಂತವರ ಕಣ್ಣಿಗೆ ಬೀಳುವುದಿಲ್ಲ. ತಿಂಗಳಿಗೊಮ್ಮೆ, ಕಾರು ತೊಳೆಯುವ ದಿನ, ಸ್ಟಿಯರಿಂಗು ಪೂರ್ತಿ ಹೊರಳಿಸಿ, ಟಯರಿನ ಹಿಂದೆ ಕೈ ಹಾಕಿ ಸವರಿ ನೋಡಬೇಕು. ಬೆರಳಿಗೆ ಗೀರು ಸಿಕ್ಕಿದರೆ, ನೂಲಿನ ಎಳೆ ತಾಗಿದರೆ, ಆ ಕಾರು ಅವತ್ತು ಮನೆಯಲ್ಲೇ ಇರಲಿ.